ಗೂಡಿನ ಪೇಟೆಗೊಂದು ಫುಟ್‌ಬಾಲ್ ತಂಡ: ಹುಟ್ಟದ ತಂಡವೊಂದರ ಚರಿತ್ರೆ

1977ರಲ್ಲಿ ಮೊಟ್ಟಮೊದಲ ಫೆಡರೇಶನ್ ಕಪ್ ಫುಟ್‌ಬಾಲ್ ನಡೆದಾಗ ಫೈನಲ್‌ನಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ 1–0ರಿಂದ ಸೋತಿತು. ಗೆದ್ದದ್ದು ಬೆಂಗಳೂರಿನ ಐಟಿಐ. ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆಯ ತಂಡವೊಂದು ದೇಶದ ಅತಿ ಪ್ರಸಿದ್ಧ ಕ್ಲಬ್‌ಗಳಲ್ಲೊಂದನ್ನು ಮಣಿಸಿತ್ತು. ಆ ಆಟಗಾರರಿಗೆ ಅನ್ನ ಕೊಟ್ಟದ್ದು ಟಿಕೆಟ್ ಮಾರಿದ ಹಣವಲ್ಲ, ಕಾರ್ಖಾನೆಯ ಸಂಬಳ. ಕರ್ನಾಟಕದಲ್ಲಿ ಫುಟ್‌ಬಾಲ್ ಒಂದು ಕಸುಬಾದದ್ದು ಈ ದಾರಿಯಲ್ಲೇ.

ಇಲ್ಲಿಂದ ಒಂದು ಪ್ರಶ್ನೆ ಏಳುತ್ತದೆ. ಬೆಂಗಳೂರಿಗೆ ಅಷ್ಟು ಹತ್ತಿರವಿದ್ದೂ, ದಿನಕ್ಕೆ ಲಕ್ಷಾಂತರ ರೂಪಾಯಿಯ ರೇಷ್ಮೆಗೂಡಿನ ವಹಿವಾಟಿದ್ದೂ, ಶಿಡ್ಲಘಟ್ಟದ ಹೆಸರಿನಲ್ಲಿ ಒಂದು ವೃತ್ತಿಪರ ತಂಡ ಏಕೆ ಹುಟ್ಟಲಿಲ್ಲ? ಇಂಗ್ಲೆಂಡಿನ ‘ಟೈಗರ್’ ಎಂಬ ಮಕ್ಕಳ ಚಿತ್ರಕಥಾ ವಾರಪತ್ರಿಕೆ 1954ರಲ್ಲಿ ಮೆಲ್‌ಚೆಸ್ಟರ್ ರೋವರ್ಸ್ ಎಂಬ ತಂಡವನ್ನು ಸೃಷ್ಟಿಸಿತು. ಆ ಊರೂ ಸುಳ್ಳು, ತಂಡವೂ ಸುಳ್ಳು. ಆದರೂ ತಲೆಮಾರುಗಳ ಓದುಗರು ಅದನ್ನು ನಂಬಿ ಓದಿದರು. ಹೊಗೆಗೊಳವೆಗಳ ಊರು, ಶನಿವಾರದ ಆಟ, ಸ್ಥಳೀಯ ಹುಡುಗ ನಾಯಕನಾಗುವುದು, ಇವೆಲ್ಲ ಅವರ ಸುತ್ತಲೂ ನಿಜವಾಗಿ ಇದ್ದವು. ಶಿಡ್ಲಘಟ್ಟದ ತಂಡವನ್ನು ಕಲ್ಪಿಸಬೇಕಾದರೂ ಇಲ್ಲಿನ ನಿಜವೇನು ಎಂದು ಮೊದಲು ನೋಡಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಆಟಕ್ಕೆ ಜಾಗ ಬಿಡಿಸಿದ್ದು ಗಡಿಯಾರ. 1850ರ ಕಾರ್ಖಾನೆ ಕಾಯ್ದೆಯ ಪ್ರಕಾರ ಜವಳಿ ಗಿರಣಿಗಳು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹೆಂಗಸರನ್ನೂ ಹುಡುಗರನ್ನೂ ಕೆಲಸದಿಂದ ಬಿಡಬೇಕಾಯಿತು. ಬರುಬರುತ್ತಾ ಅರ್ಧ ದಿನದ ರಜೆ ಎಲ್ಲರದೂ ಆಯಿತು. ಸಾವಿರಾರು ಜನರಿಗೆ ಒಂದೇ ಹೊತ್ತಿಗೆ ಬಿಡುವು ಸಿಕ್ಕರೆ ಮಾತ್ರ ಮೈದಾನ ತುಂಬುತ್ತದೆ. 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ಗಾಡಿ ಕಾರ್ಖಾನೆಯ ನೌಕರರು ಕಟ್ಟಿದ ತಂಡವೇ ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. 1886ರಲ್ಲಿ ವೂಲ್ವಿಚ್‌ನ ಮದ್ದುಗುಂಡು ಕಾರ್ಖಾನೆಯವರು ಕಟ್ಟಿದ್ದು ಆರ್ಸೆನಲ್. ಆಟಗಾರರಿಗೆ ಹಣ ಕೊಡುವುದು ಅಲ್ಲಿ ಸಕ್ರಮವಾದದ್ದು 1885ರಲ್ಲಿ.

ಬೆಂಗಳೂರಿಗೆ ಚೆಂಡು ಬಂದದ್ದು ದಂಡಿನ ಜೊತೆ. ಕಂಟೋನ್‌ಮೆಂಟಿನ ಸೈನಿಕರ ಆಟ ನೋಡಿ ಹಲಸೂರು, ಆಸ್ಟಿನ್ ಟೌನ್ ಕಡೆಯ ಹುಡುಗರು ಬರಿಗಾಲಲ್ಲೇ ಕಲಿತರು. ಮುಂಬಯಿಯ ರೋವರ್ಸ್ ಕಪ್ 1891ರಿಂದಲೂ ಬ್ರಿಟಿಷ್ ಪಲ್ಟನ್‌ಗಳ ಸ್ವತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ. 1937ರಲ್ಲಿ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್, ಅದೂ ಕಲ್ಕತ್ತೆಯ ಮೊಹಮದನ್ ಸ್ಪೋರ್ಟಿಂಗ್ ತಂಡವನ್ನೇ ಸೋಲಿಸಿ. ಮರುವರ್ಷವೂ ಕಪ್ ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಫ್ರಾನ್ಸ್ ವಿರುದ್ಧದ ಆ ಪಂದ್ಯವನ್ನು ಭಾರತ 1–2ರಿಂದ ಸೋತಿತಾದರೂ ತಂಡದ ಹಲವರು ಬೂಟಿಲ್ಲದೆ ಆಡಿದ ಕಥೆ ಲೋಕಕ್ಕೆಲ್ಲ ಗೊತ್ತಾಯಿತು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿ ‘ಪಂಚಪಾಂಡವರು’ ಎಂದು ಹೆಸರಾದ ಐವರು ಮುಂಪಡೆ ಆಟಗಾರರಲ್ಲಿ ಒಬ್ಬರಾದರು. 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಇಂಥ ಪ್ರತಿಭೆ ಊರಲ್ಲೇ ಹೊಟ್ಟೆ ಹೊರೆಯುವ ಏರ್ಪಾಡು ಅಂದು ಬೆಂಗಳೂರಿನಲ್ಲಿ ಇರಲಿಲ್ಲ.

ಏರ್ಪಾಡು ಮಾಡಿದ್ದು ಸಾರ್ವಜನಿಕ ಉದ್ದಿಮೆಗಳು. ಎಚ್‌ಎಎಲ್ ಶುರುವಾದದ್ದು 1940ರಲ್ಲಿ, ಐಟಿಐ 1948ರಲ್ಲಿ. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ಕಾಯಂ ನೌಕರಿ, ಪಂದ್ಯಕ್ಕೆ ರಜೆ, ಕಾಲೊನಿಯಲ್ಲಿ ಮೈದಾನ ಸಿಗುತ್ತಿದ್ದವು. ಕಾಲು ಮುರಿದರೂ ಕೆಲಸ ಹೋಗುವುದಿಲ್ಲ ಎಂಬ ಧೈರ್ಯವೂ ಇತ್ತು. ಮೈಸೂರು ರಾಜ್ಯ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು, ನಾಲ್ಕು ಸಲವೂ ಬಂಗಾಳವನ್ನು ಸೋಲಿಸಿ. ಕರ್ನಾಟಕವೆಂದು ಹೆಸರು ಬದಲಾದ ರಾಜ್ಯಕ್ಕೆ ಮುಂದಿನ ಗೆಲುವು ಬಂದದ್ದು 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ ಮೇಘಾಲಯದ ಎದುರು, 3–2ರಿಂದ. ನಡುವೆ 54 ವರ್ಷ ಉರುಳಿದ್ದವು.

ಈಗ ಹಳೆಯ ಕೋಲಾರ ಜಿಲ್ಲೆಗೆ ಬರೋಣ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ 2007ರವರೆಗೆ ಶಿಡ್ಲಘಟ್ಟವೂ ಚಿನ್ನದ ಗಣಿಯ ಕೆಜಿಎಫ್ ಪಟ್ಟಣವೂ ಒಂದೇ ಜಿಲ್ಲೆಯಲ್ಲಿದ್ದವು. ಬ್ರಿಟಿಷ್ ಕಂಪನಿ ಕಟ್ಟಿದ, 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕಂಡ ಆ ಗಣಿ ಊರಿನಲ್ಲಿ ಸೈರನ್‌ಗೆ ಪಾಳಿ ಬದಲಾಗುತ್ತಿತ್ತು. ಲೈನ್‌ಮನೆಗಳ ನಡುವೆ ಮೈದಾನಗಳಿದ್ದವು. ಫುಟ್‌ಬಾಲ್, ಹಾಕಿ ಅಲ್ಲಿನ ಬದುಕಿನ ಭಾಗವಾಗಿದ್ದವು. ಅದೇ ಜಿಲ್ಲೆಯ ಇನ್ನೊಂದು ತುದಿಯ ಶಿಡ್ಲಘಟ್ಟದಲ್ಲಿ ದುಡ್ಡಿತ್ತು, ಜನರಿದ್ದರು, ದುಡಿಮೆಯಿತ್ತು. ಸೈರನ್ ಮಾತ್ರ ಇರಲಿಲ್ಲ.

ರೇಷ್ಮೆಯ ದುಡಿಮೆಗೆ ಹುಳುವೇ ಯಜಮಾನ. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ ದಾಟುತ್ತದೆ. ಪೊರೆ ಬಿಡಲು ಮೇವು ನಿಲ್ಲಿಸಿ ತಲೆಯೆತ್ತಿ ಮಲಗುವುದನ್ನು ಬೆಳೆಗಾರರು ಹಾಗೆ ಕರೆಯುತ್ತಾರೆ. ನಾಲ್ಕನೇ ಜ್ವರದಿಂದೆದ್ದ ಹುಳುವಿನ ಹಸಿವು ಬೇರೆಯೇ ತರ. ಒಂದು ಬೆಳೆಗೆ ಬೇಕಾಗುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಅದು ಕೊನೆಯ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ಆ ವಾರ ಮನೆಮಂದಿಯೆಲ್ಲ ತೋಟಕ್ಕೂ ಹುಳುಮನೆಗೂ ಓಡಾಡುತ್ತಿರುತ್ತಾರೆ. ಹುಳು ಹಣ್ಣಾಯಿತೆಂದರೆ, ಮೈ ತುಸು ಹಳದಿಗೆ ತಿರುಗಿ ಹೊಳೆಯತೊಡಗಿತೆಂದರೆ, ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಹಾಕಲೇಬೇಕು. ತಡವಾದರೆ ನೂಲು ವ್ಯರ್ಥ. ಅದು ಶನಿವಾರವೋ ಭಾನುವಾರವೋ ಎಂದು ಹುಳು ಕೇಳುವುದಿಲ್ಲ. ಪಕ್ಕದ ಮನೆಯ ಹುಳು ಎರಡನೇ ಜ್ವರದಲ್ಲಿದ್ದಾಗ ಈ ಮನೆಯದು ಹಣ್ಣಾಗಿರುತ್ತದೆ. ಹಾಗಾಗಿ ಊರಿಗೆಲ್ಲ ಒಂದೇ ಹೊತ್ತಿನ ಬಿಡುವೆಂಬುದೇ ಇಲ್ಲ.

ಪೇಟೆಯ ಕಥೆಯೂ ಅಷ್ಟೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ರೈತ ಜಾಲರಿಗೆ ಗೂಡು ಸುರಿಯುತ್ತಾನೆ. ನೂಲು ಬಿಚ್ಚಿಸುವ ರೀಲರ್ ಹಿಡಿಗೂಡು ತೆಗೆದು ಅಮುಕಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, ಲಾಟಿಗೆ ಬೆಲೆ ಕಟ್ಟುತ್ತಾನೆ. ಕೂಗಿ ನಡೆಯುತ್ತಿದ್ದ ಹರಾಜು ಈಗ ಇ-ಹರಾಜಾಗಿದೆ. ಕೊಂಡ ಗೂಡನ್ನು ಬಹುಕಾಲ ಇಡುವಂತಿಲ್ಲ, ಒಳಗಿನ ಕೋಶ ಚಿಟ್ಟೆಯಾಗಿ ಹೊರಬಂದರೆ ಎಳೆ ಕಡಿದುಹೋಗುತ್ತದೆ. ಅದಕ್ಕೇ ಓಣಿ ಓಣಿಯ ಬಿಚ್ಚಾಣಿಕೆ ಮನೆಗಳಲ್ಲಿ, ಚರಕಗಳ ಮುಂದೆ, ಬಿಸಿನೀರಿನ ಬಾಣಲೆಗಳ ಹಬೆಯಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಒಂದೊಂದು ಘಟಕದಲ್ಲಿ ಬೆರಳೆಣಿಕೆಯಷ್ಟು ಕೆಲಸಗಾರರು. ಹನ್ನೊಂದು ಜನರನ್ನು ಆಟಕ್ಕೆಂದೇ ಸಂಬಳದ ಪಟ್ಟಿಗೆ ಸೇರಿಸುವ ಒಬ್ಬ ಮಾಲೀಕ ಈ ಊರಿನಲ್ಲಿ ಇರಲು ಸಾಧ್ಯವಿರಲಿಲ್ಲ. ಶಿಡ್ಲಘಟ್ಟಕ್ಕೆ ತಂಡ ಬರಲಿಲ್ಲವೆಂದರೆ ಅದು ಆಸಕ್ತಿಯ ಕೊರತೆಯೆಂದು ತೀರ್ಮಾನಿಸುವುದು ಅನ್ಯಾಯ. ಕೊರತೆಯಿದ್ದದ್ದು ಒಂದೇ ಹೊತ್ತಿನ ಬಿಡುವಿಗೆ ಮತ್ತು ದೊಡ್ಡ ಧಣಿಗೆ. ಕೈಗಾರಿಕೆಯನ್ನೇ ಮಂತ್ರವಾಗಿಸಿಕೊಂಡ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇದೇ ಸೀಮೆಯದು. ಭಾರೀ ಕಾರ್ಖಾನೆಗಳು ಮಾತ್ರ ಬೆಂಗಳೂರಿನಲ್ಲೇ ನೆಲೆನಿಂತವು.

ಆ ದೊಡ್ಡ ಧಣಿಗಳೂ ಶಾಶ್ವತವಾಗಿ ಉಳಿಯಲಿಲ್ಲ. 1991ರ ನಂತರ ದೂರಸಂಪರ್ಕದ ಮಾರುಕಟ್ಟೆ ತೆರೆದುಕೊಂಡಂತೆ ಐಟಿಐ ಸೊರಗಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ದೇಶದ ಅಂದಿನ ಅಗ್ರ ಲೀಗಾದ ಐ-ಲೀಗ್‌ವರೆಗೆ ಏರಿದ್ದ ಎಚ್‌ಎಎಲ್ ತಂಡ 2011–12ರ ಋತುವಿನ ಕೊನೆಗೆ ಕೆಳಗಿಳಿಯಿತು. ಮರುವರ್ಷ, 2013ರಲ್ಲಿ, ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿತು. ಸುನಿಲ್ ಛೆಟ್ರಿ ನಾಯಕತ್ವದ ಈ ತಂಡ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2018–19ರಲ್ಲಿ ಐಎಸ್‌ಎಲ್ ಪ್ರಶಸ್ತಿ ಎತ್ತಿತು. ಇದರ ಬೆನ್ನಿಗಿರುವುದೂ ಉದ್ದಿಮೆಯೇ, ತೋರಣಗಲ್ಲಿನ ಉಕ್ಕಿನ ಸ್ಥಾವರದ ಒಡೆತನವೂ ಅದೇ ಸಮೂಹದ್ದು. ಬದಲಾದದ್ದು ಆಟಗಾರನ ಸ್ಥಿತಿ: ಅವನೀಗ ಕಾರ್ಖಾನೆಯ ನೌಕರನಲ್ಲ, ಕರಾರಿನ ಮೇಲೆ ಆಡುವವನು. ಸಂಪಾದನೆ ಹೆಚ್ಚಿತು, ನಿವೃತ್ತಿಯವರೆಗಿನ ಭದ್ರತೆ ಹೋಯಿತು. ಆಡುವ ವಯಸ್ಸು ಮುಗಿದ ಬಳಿಕವೂ ಉಳಿದ ಬದುಕನ್ನು ದೂಡಬೇಕಾದ ಹುಡುಗರ ದೃಷ್ಟಿಯಿಂದ ಇದು ಸಣ್ಣ ನಷ್ಟವೇನಲ್ಲ.

ಹಾಗಾದರೆ ಶಿಡ್ಲಘಟ್ಟದ ತಂಡವನ್ನು ಕಥೆಯಲ್ಲಾದರೂ ಕಟ್ಟುವವರು ಯಾವ ಮಾದರಿ ಹಿಡಿಯಬೇಕು? ಕಾರ್ಖಾನೆ ತಂಡದ ಮಾದರಿ ಇಲ್ಲಿಗೆ ಒಗ್ಗದು. ಸಣ್ಣ ಸಣ್ಣ ಯಜಮಾನರ ಊರಿಗೆ ಒಪ್ಪುವುದು ಸದಸ್ಯರೇ ಒಡೆಯರಾದ ಕ್ಲಬ್. ಬಾರ್ಸಿಲೋನಾ ಕ್ಲಬ್ಬಿಗೆ ಇಂದಿಗೂ ಒಬ್ಬ ಮಾಲೀಕನಿಲ್ಲ. ಲಕ್ಷಕ್ಕೂ ಮೀರಿದ ಸದಸ್ಯರು ವಂತಿಗೆ ಕೊಟ್ಟು, ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಸಾವಿರಾರು ಬೆಳೆಗಾರರೂ ರೀಲರ್‌ಗಳೂ ಒಂದೇ ಸೂರಿನಡಿ ಸೇರುವ ಜಾಗ ಶಿಡ್ಲಘಟ್ಟದಲ್ಲಿ ಆಗಲೇ ಇದೆ, ಅದು ಗೂಡಿನ ಮಾರುಕಟ್ಟೆ. ಅಲ್ಲಿ ಲಾಟಿಗೆ ಇಷ್ಟೆಂದು ತೆಗೆದಿಡುವ ಕಾಸಿನಿಂದ, ಬೆಳಗಿನ ಹರಾಜು ಮುಗಿದ ಮೇಲೆ ಅಭ್ಯಾಸ ಮಾಡುವ ತಂಡವೊಂದನ್ನು ಕಲ್ಪಿಸಿದರೆ ಆ ಕಥೆಯನ್ನು ಈ ಊರಿನವರು ನಂಬುತ್ತಾರೆ.