ವಿದ್ಯುತ್ ಕಾರು ತಯಾರಿಕೆ ಮತ್ತು ಕಾರ್ಮಿಕ ಸಂಬಂಧಗಳು (ಕರ್ನಾಟಕ)

ಕರ್ನಾಟಕದ ವಿದ್ಯುತ್ ಕಾರಿನ ಚರಿತ್ರೆಯನ್ನು ಸಾಮಾನ್ಯವಾಗಿ ರೇವಾದಿಂದ ಶುರುಮಾಡುತ್ತಾರೆ. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಅಮೆರಿಗಾನ್ ಕಂಪನಿಯೊಡನೆ 1994ರಲ್ಲಿ ಸಂಸ್ಥೆ ಕಟ್ಟಿತು. 2001ರಲ್ಲಿ ಕಾರು ಮಾರುಕಟ್ಟೆಗೆ ಬಂತು. 2010ರಲ್ಲಿ ಬಹುಪಾಲು ಒಡೆತನ ಮಹೀಂದ್ರಾಕ್ಕೆ ಹೋಯಿತು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ಮಾಡಬಲ್ಲ ಘಟಕ ಎದ್ದಿತು. ಇಷ್ಟು ಎಲ್ಲ ಕಡೆ ದಾಖಲಾಗಿರುವ ಸಂಗತಿ, ಮತ್ತು ಅದು ಮುಖ್ಯವಾಗಿ ತಂತ್ರಜ್ಞಾನದ ಕಥೆ. ಜೋಡಣಾ ಲೈನಿನ ಒತ್ತಡದ ಪ್ರಶ್ನೆ ಏಳುವಷ್ಟು ಕಾರುಗಳು ಅಲ್ಲಿ ತಯಾರಾಗಲೇ ಇಲ್ಲ. ದುಡಿಯುವವರ ಪಾಲಿನ ಚರಿತ್ರೆ ಬೇಕಿದ್ದರೆ ಮೈಸೂರು ರಸ್ತೆಯ ಬಿಡದಿಯನ್ನೇ ನೋಡಬೇಕು. ಹೈಬ್ರಿಡ್ ಕಾರುಗಳೂ ಅವುಗಳ ವಿದ್ಯುತ್ ಚಾಲನಾ ಬಿಡಿಭಾಗಗಳೂ ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತಿರುವುದು ಟೊಯೊಟಾ ಸಮೂಹದ ಅಲ್ಲಿನ ಕಾರ್ಖಾನೆಗಳಲ್ಲಿ.

ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪನೆಯಾಗಿ, 1999ರ ಕೊನೆಗೆ ಕ್ವಾಲಿಸ್ ತಯಾರಿಕೆ ಆರಂಭಿಸಿತು. 2001ರಲ್ಲಿ ಕಾರ್ಮಿಕ ಸಂಘ ಹುಟ್ಟಿತು. ಅಲ್ಲಿಂದ ಮುಂದಿನ ಬರಹಗಳಲ್ಲಿ ಗೊಂದಲ ಬಹಳ. ಒಂದೇ ಘಟನೆಯನ್ನು ಒಬ್ಬರು ಮುಷ್ಕರವೆಂದೂ ಇನ್ನೊಬ್ಬರು ಲಾಕ್‌ಔಟ್ ಎಂದೂ ಬರೆಯುತ್ತಾರೆ. ಕಾರಣವನ್ನು ಒಂದು ಕಡೆ ಸಂಬಳವೆಂದೂ ಇನ್ನೊಂದು ಕಡೆ ಅಶಿಸ್ತೆಂದೂ ಹೇಳಿ ಮುಗಿಸುತ್ತಾರೆ. ಮುಖ್ಯ ಘಟನೆಗಳನ್ನು ಒಟ್ಟಿಗಿಟ್ಟು ನೋಡಿದರೆ ಬೇರೊಂದು ಎಳೆ ಕಾಣುತ್ತದೆ. 2006ರ ಜನವರಿಯಲ್ಲಿ ಮೂವರನ್ನು ಕೆಲಸದಿಂದ ತೆಗೆದದ್ದಕ್ಕೆ ಮುಷ್ಕರ ನಡೆದು, ಕಾರ್ಖಾನೆಗೆ ಬೀಗ ಬಿತ್ತು. 2014ರ ಮಾರ್ಚ್ 16ರಂದು ಸಂಬಳದ ಮಾತುಕತೆ ಮುರಿದು ಮತ್ತೆ ಬೀಗ. ಆ ಸಲ ಮಾರ್ಚ್ 24ಕ್ಕೇ ಕಂಪನಿ ಬಾಗಿಲು ತೆರೆದರೂ ಕಾರ್ಮಿಕರು ಒಳಗೆ ಹೋಗಲಿಲ್ಲ. ಒಳಗೆ ಹೋಗಬೇಕಾದರೆ ಪ್ರತಿಯೊಬ್ಬರೂ ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಬೇಕಿತ್ತು. ಬಿಕ್ಕಟ್ಟು ಏಪ್ರಿಲ್ ಮೂರನೇ ವಾರ ದಾಟುವವರೆಗೂ ಎಳೆಯಿತು. ಜಗಳ ಶುರುವಾದದ್ದು ಹಣಕ್ಕಾಗಿ ಎಂಬುದು ನಿಜ. ಅದು ಬೆಳೆದದ್ದು ಮಾತ್ರ ಹಣದಿಂದಲ್ಲ, ಕೆಲಸದ ಬಗ್ಗೆ ಕಾರ್ಮಿಕನಿಗೆ ಮಾತಿದೆಯೇ ಇಲ್ಲವೇ ಎಂಬ ಪ್ರಶ್ನೆಯಿಂದ.

2020ರ ಪ್ರಸಂಗದಲ್ಲಿ ಈ ಪ್ರಶ್ನೆ ನೇರವಾಗಿಯೇ ಎದ್ದಿತು. ನವೆಂಬರ್ 9ರಂದು ಸಂಘದ ಪದಾಧಿಕಾರಿಯೊಬ್ಬರನ್ನು ಅಮಾನತು ಮಾಡಿದಾಗ ಕಾರ್ಮಿಕರು ಕಾರ್ಖಾನೆಯೊಳಗೇ ಧರಣಿ ಕೂತರು, ಮರುದಿನ ಲಾಕ್‌ಔಟ್. ಸರ್ಕಾರ ಮುಷ್ಕರ, ಲಾಕ್‌ಔಟ್ ಎರಡನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ನವೆಂಬರ್ 19ಕ್ಕೆ ತೆರೆದ ಬಾಗಿಲು 23ಕ್ಕೆ ಮತ್ತೆ ಮುಚ್ಚಿತು. ಮುಚ್ಚಳಿಕೆ ಈ ಸಲವೂ ಬಂತು. ಕಾರ್ಮಿಕರು ಜನವರಿಯಿಂದ ಹಂತಹಂತವಾಗಿ ಮರಳಿದರೂ ಮುಷ್ಕರ ಕೊನೆಗೊಂಡದ್ದು 2021ರ ಮಾರ್ಚ್ ಆರಂಭದಲ್ಲಿ. ಸಂಘದ ಮುಖ್ಯ ದೂರು ಲೈನಿನ ವೇಗದ್ದು: ಮೂರು ನಿಮಿಷಕ್ಕೊಂದು ಕಾರು ಹೊರಬರುತ್ತಿದ್ದದ್ದನ್ನು ಎರಡೂವರೆ ನಿಮಿಷಕ್ಕೆ ಇಳಿಸಲಾಗುತ್ತಿದೆ, ಆಳುಗಳು ಮಾತ್ರ ಅಷ್ಟೇ ಎಂದು. ಇದರ ಅರ್ಥ ತಿಳಿಯಬೇಕಾದರೆ ಲೈನಿನ ಒಂದು ಠಾಣೆಯ ಮುಂದೆ ನಿಂತವನನ್ನು ಊಹಿಸಿಕೊಳ್ಳಬೇಕು. ಕಾರಿನ ಚೌಕಟ್ಟು ಎದುರಿಗೆ ಬರುತ್ತದೆ, ಭಾಗ ಎತ್ತಿಕೊಂಡು ಕೂರಿಸಿ ಬೋಲ್ಟು ಬಿಗಿಯುವಷ್ಟರಲ್ಲಿ ಅದು ಮುಂದೆ ಸಾಗುತ್ತದೆ. 180 ಸೆಕೆಂಡಿನಲ್ಲಿ ಮಾಡುತ್ತಿದ್ದದ್ದನ್ನು 150ರಲ್ಲಿ ಮುಗಿಸಬೇಕು. ಗಂಟೆಗೆ 20 ಕಾರು ಇದ್ದದ್ದು 24 ಆಗುತ್ತದೆ. ಪಾಳಿ ಒಂದು ನಿಮಿಷವೂ ಉದ್ದವಾಗುವುದಿಲ್ಲ, ಸಂಬಳದ ಚೀಟಿಯಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಹೆಚ್ಚಾದ ಕೆಲಸ ಕಾಗದದಲ್ಲಿ ಎಲ್ಲೂ ಕಾಣದು.

ಕಂಪನಿ ಈ ಆರೋಪವನ್ನು ಒಪ್ಪಲಿಲ್ಲ. ಧರಣಿಯೇ ಕಾನೂನುಬಾಹಿರ ಎಂಬುದು ಅದರ ನಿಲುವು. ಟೊಯೊಟಾ ಉತ್ಪಾದನಾ ಪದ್ಧತಿಯ ಪರ ಇರುವವರ ವಾದವೂ ತಳ್ಳಿಹಾಕುವಂಥದ್ದಲ್ಲ. ಅನಗತ್ಯ ಓಡಾಟ, ಬಾಗುವಿಕೆ, ಹುಡುಕಾಟ ತೆಗೆದುಹಾಕಿದರೆ ದೇಹಕ್ಕೆ ಆಯಾಸವಾಗದೆಯೇ ಸಮಯ ಉಳಿಯುತ್ತದೆ. ದೋಷ ಕಂಡ ಕಾರ್ಮಿಕನಿಗೆ ಲೈನನ್ನೇ ನಿಲ್ಲಿಸುವ ಅಧಿಕಾರವಿದೆ. ಆದರೆ ಅದೇ ಪದ್ಧತಿ ಮನುಷ್ಯನ ಮೇಲೆ ಅತಿಭಾರ ಹೇರುವುದನ್ನೂ ವ್ಯರ್ಥದಷ್ಟೇ ದೊಡ್ಡ ದೋಷವೆಂದು ಎಣಿಸುತ್ತದೆ. ಉಳಿತಾಯವಾದದ್ದು ಅನಗತ್ಯ ಚಲನೆಯೋ ಉಸಿರು ಬಿಡುವ ಸಮಯವೋ ಎಂದು ಬಲ್ಲವನು ಆ ಠಾಣೆಯಲ್ಲಿ ನಿಂತವನು. ಅವನಿಂದಲೇ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡರೆ, ಪದ್ಧತಿ ತಾನೇ ಬಯಸಿದ ಸಾಕ್ಷಿಯ ಬಾಯಿ ಕಟ್ಟಿದಂತಾಗುತ್ತದೆ.

ವೇಗವನ್ನು ಕಾನೂನು ಅಳೆಯಲಾಗದು, ಅದು ಆಡಳಿತಕ್ಕೆ ಬಿಟ್ಟ ವಿಷಯ ಎಂಬ ಆಕ್ಷೇಪವೂ ಇದೆ. ಇದಕ್ಕೆ ಉತ್ತರ ಸಿಗುವುದು ಕರಾವಳಿಯಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಕಾರು ಕಾರ್ಖಾನೆಯಿಲ್ಲ. ವೇಣೂರಿನ ಎಸ್‌ಡಿಎಂ ಐಟಿಐಯಂಥ ಸಂಸ್ಥೆಗಳಲ್ಲಿ ಕಲಿತವರು, ಮೂಡುಬಿದಿರೆಯ ಆಳ್ವಾಸ್ ಪ್ರಗತಿ ಉದ್ಯೋಗ ಮೇಳಕ್ಕೆ ಬರುವವರು ಘಟ್ಟದ ಮೇಲಿನ ಕಂಪನಿಗಳಿಗೆ ಹೋಗುವವರು. ಈ ತಾಲೂಕುಗಳ ದೊಡ್ಡ ಕಾರ್ಮಿಕ ಚರಿತ್ರೆ ಬೀಡಿಯದು. ಜಗಲಿಯಲ್ಲಿ ಕೂತು ಕಟ್ಟಿದ ಬೀಡಿಯನ್ನು ಹೆಂಗಸರು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದಾಗ, ಎಷ್ಟು ಎಲೆ ಕೊಟ್ಟರು, ಎಷ್ಟು ಬೀಡಿ ತಿರಸ್ಕರಿಸಿದರು ಎಂಬುದರಲ್ಲೇ ಕೂಲಿ ಅಡಗಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಈ ಎರಡನ್ನೂ ಹೆಸರಿಸಿ, ಅವುಗಳ ತಕರಾರನ್ನು ರಾಜ್ಯ ಸರ್ಕಾರ ನಿಗದಿಪಡಿಸಿದ ಪ್ರಾಧಿಕಾರ ಬೇಗ ತೀರ್ಮಾನಿಸಬೇಕು ಎಂದಿತು; ಗುತ್ತಿಗೆದಾರನ ಹಿಂದಿರುವ ಕಂಪನಿಯನ್ನೂ ಹೊಣೆ ಮಾಡಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಶ್ನಿಸಿದರೂ ಸುಪ್ರೀಂ ಕೋರ್ಟು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯ ಜಗಲಿಯವರೆಗೆ ತಲುಪಿದ ಕಾನೂನು ಕಾರ್ಖಾನೆಯ ಠಾಣೆಗೆ ತಲುಪಲಾರದು ಎನ್ನುವುದು ಹೇಗೆ?

2020ರ ನಂತರದ ಬೆಳವಣಿಗೆ ವೇಗವಾಗಿ ನಡೆದಿದೆ. 2022ರ ಮೇ ತಿಂಗಳಲ್ಲಿ ಟೊಯೊಟಾ ಸಮೂಹ ವಿದ್ಯುತ್ ಚಾಲನಾ ಬಿಡಿಭಾಗಗಳನ್ನೂ ಒಳಗೊಂಡ ಸುಮಾರು 4,800 ಕೋಟಿ ರೂಪಾಯಿ ಹೂಡಿಕೆ ಘೋಷಿಸಿತು; ಅದೇ ವರ್ಷ ಇನ್ನೋವಾ ಹೈಕ್ರಾಸ್ ಬಂತು; 2023ರ ನವೆಂಬರಿನಲ್ಲಿ 3,300 ಕೋಟಿಯ ಮೂರನೇ ಘಟಕಕ್ಕೆ ರಾಜ್ಯದೊಡನೆ ಒಪ್ಪಂದವಾಯಿತು. ಕಾನೂನಿನ ಕಡೆಯಿಂದ ನೋಡಿದರೆ, ಸಂಸತ್ತು 2020ರಲ್ಲಿ ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆ ಎಲ್ಲ ಉದ್ದಿಮೆಗಳ ಮುಷ್ಕರಕ್ಕೂ 14 ದಿನದ ಮುನ್ಸೂಚನೆ ಕಡ್ಡಾಯ ಮಾಡಿತು. ಸೇವಾ ಷರತ್ತು ಬದಲಿಸುವ ಮೊದಲು ಮಾಲೀಕ ನೋಟಿಸ್ ಕೊಡಬೇಕಾದ ವಿಷಯಗಳ ಪಟ್ಟಿಯನ್ನು 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದ ಅದು ಮುಂದುವರಿಸಿದೆ. ಕೂಲಿ, ಭತ್ಯೆ, ಕೆಲಸದ ಅವಧಿ, ವಿರಾಮ, ರಜೆ ಅದರಲ್ಲಿವೆ. ಯಂತ್ರ ಮತ್ತು ವಿಧಾನದ ಸುಧಾರಣೆ ಅಲ್ಲಿ ಬರುವುದು ಜನ ಕೆಲಸ ಕಳೆದುಕೊಳ್ಳುವ ಸಂಭವವಿದ್ದರೆ ಮಾತ್ರ. ಆಳು ಕಡಿಮೆಯಾಗದೆ 180 ಸೆಕೆಂಡು 150 ಆದರೆ, ಆ ಬದಲಾವಣೆಗೆ ಪಟ್ಟಿಯಲ್ಲಿ ಪ್ರತ್ಯೇಕ ಬಾಬು ಇಲ್ಲ.