ಕಡೇ ರ‍್ಯಾಂಕಿನ ಕೌಂಟಿ

ಅಮೆರಿಕಾದ ಕೃಷಿ ಇಲಾಖೆ 1999ರಲ್ಲಿ ಒಂದು ಲೆಕ್ಕ ಹಾಕಿತು. ದೇಶದ ಯಾವ ಕೌಂಟಿ ಪ್ರಕೃತಿಯ ದೃಷ್ಟಿಯಿಂದ ವಾಸಕ್ಕೆ ಎಷ್ಟು ಹಿತ ಅಂತ. (ಕೌಂಟಿ ಅಂದ್ರೆ ಆಡಳಿತದಲ್ಲಿ ನಮ್ಮ ಜಿಲ್ಲೆ, ಗಾತ್ರದಲ್ಲಿ ನಮ್ಮ ತಾಲೂಕು ಅಂತಿಟ್ಕೊಳ್ಳಿ.) ಅಳತೆಗೋಲು ಆರು: ಜನವರಿಯಲ್ಲಿ ಎಷ್ಟು ಬೆಚ್ಚಗಿರುತ್ತೆ, ಜನವರಿಯಲ್ಲಿ ಬಿಸಿಲೆಷ್ಟು, ಬೇಸಿಗೆ ಎಷ್ಟು ಹದ, ಬೇಸಿಗೆಯ ಗಾಳಿಯಲ್ಲಿ ತೇವ ಎಷ್ಟು ಕಡಿಮೆ, ಗುಡ್ಡಬೆಟ್ಟಗಳ ಏರಿಳಿತ ಎಷ್ಟು, ನೀರಿನ ಹರವು ಎಷ್ಟು. ಅಲಾಸ್ಕಾ, ಹವಾಯಿ ಬಿಟ್ಟು 3,111 ಕೌಂಟಿಗಳು. ಮೊದಲನೇ ರ‍್ಯಾಂಕು ಕ್ಯಾಲಿಫೋರ್ನಿಯಾದ ವೆಂಚುರಾಕ್ಕೆ. ಕಟ್ಟಕಡೆಯದು ಮಿನ್ನೆಸೋಟಾದ ವಾಯವ್ಯ ಮೂಲೆಯ ರೆಡ್ ಲೇಕ್ ಕೌಂಟಿಗೆ.

ಇಲಾಖೆಯ ಉದ್ದೇಶ ಯಾರನ್ನೂ ಹೀಯಾಳಿಸೋದಲ್ಲ ಬಿಡಿ. ಹಳ್ಳಿಗಾಡಿನ ಕೆಲವು ಕಡೆ ಜನ ಹೆಚ್ಚುತ್ತಾರೆ, ಕೆಲವು ಕಡೆ ಖಾಲಿಯಾಗ್ತಾರೆ, ಯಾಕೆ ಅಂತ ಹುಡುಕ್ತಾ ಇದ್ದರು. ಹವೆ, ಬೆಟ್ಟ, ನೀರು ಚೆನ್ನಾಗಿದ್ದ ಕಡೆ ಜನ ಬಂದು ಸೇರ‍್ತಾರೆ ಅನ್ನೋದು ಅವರಿಗೆ ಸಿಕ್ಕ ಉತ್ತರ. ತಪ್ಪೇನಿಲ್ಲ. ಆಮೇಲೆ ಹದಿನಾರು ವರ್ಷ ಆ ಅಂಕಿಗಳು ಸಾಮಾನ್ಯ ಜನರ ಕಣ್ಣಿಗೆ ಅಷ್ಟಾಗಿ ಬೀಳದೆ ತೆಪ್ಪಗಿದ್ದವು. 2015ರ ಆಗಸ್ಟಿನಲ್ಲಿ ವಾಷಿಂಗ್‌ಟನ್ ಪೋಸ್ಟ್ ಪತ್ರಿಕೆಯ ಕ್ರಿಸ್ಟೋಫರ್ ಇಂಗ್ರಹಾಂ ಅದನ್ನ ಎತ್ತಿಕೊಂಡು ನಕ್ಷೆ ಮಾಡಿ, ಅಮೆರಿಕಾದಲ್ಲಿ ವಾಸಕ್ಕೆ ಅತ್ಯಂತ ಕೆಟ್ಟ ಜಾಗ ಇದೇ ರೆಡ್ ಲೇಕ್ ಕೌಂಟಿ ಅಂತ ಬರೆದುಬಿಟ್ಟ. ಆತ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಮುಂದಿನ ಕಥೆ ನಿಮಗೆ ಗೊತ್ತಿರಬಹುದು. ಅದಕ್ಕೆ ಆಮೇಲೆ ಬರ್ತೀನಿ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಆ ನೆಲದ ಹಳೆಯ ಲೆಕ್ಕ.

ಮೊದಲಿಗೆ ಒಂದು ತಮಾಷೆ. ರೆಡ್ ಲೇಕ್ ಕೌಂಟಿಯಲ್ಲಿ ರೆಡ್ ಲೇಕ್ ಇಲ್ಲ! ಆ ಸರೋವರ ಇರೋದು ಪೂರ್ವಕ್ಕೆ, ಬೇರೆ ಕೌಂಟಿಗಳಲ್ಲಿ. ಅಲ್ಲಿಂದ ಹೊರಟ ರೆಡ್ ಲೇಕ್ ನದಿ ಮಾತ್ರ ಇಲ್ಲಿ ಹರಿಯುತ್ತೆ, ಹೆಸರು ಬಂದದ್ದು ಅದರಿಂದ. ನೆಲ ಚಪ್ಪಟೆ ಯಾಕಪ್ಪಾ ಅಂದ್ರೆ ಹಿಮಯುಗದ ಕೊನೆಯಲ್ಲಿ ಇದೆಲ್ಲ ಅಗಾಸಿ ಅನ್ನೋ ಮಹಾ ಸರೋವರದ ತಳ. ಎಂಟು ಸಾವಿರ ವರ್ಷಕ್ಕೂ ಹಿಂದೆ ಅದು ಬರಿದಾಗಿ ಉಳಿಸಿ ಹೋದದ್ದು ಕಪ್ಪು ಮಣ್ಣು. ನಮ್ಮ ಗದಗ-ಧಾರವಾಡದ ಎರೆಮಣ್ಣು ನೋಡಿದವರಿಗೆ ಇದರ ಬೆಲೆ ಹೇಳಬೇಕಿಲ್ಲ. ಇಲಾಖೆಯ ಆರು ಅಳತೆಗಳಲ್ಲಿ ಮಣ್ಣು ಇಲ್ಲ ಅನ್ನೋದನ್ನ ಗಮನಿಸಿ. ಗುಡ್ಡ ಇಲ್ಲದ್ದಕ್ಕೆ ನಂಬರು ಕಳಕೊಂಡ ನೆಲ, ಗುಡ್ಡ ಇಲ್ಲದ್ದಕ್ಕೇ ಗೋಧಿ ಬೆಳೆದ ನೆಲ.

ಇದು ಓಜಿಬ್ವೆ ಜನರ ನೆಲ. ಈ ನದಿಯನ್ನು ದಾಟೋ ಒಂದು ಜಾಗಕ್ಕೆ ಓಲ್ಡ್ ಕ್ರಾಸಿಂಗ್ ಅಂತ ಹೆಸರು, ಈಗಿನ ಹ್ಯೂಯಾಟ್ ಹಳ್ಳಿಯ ಹತ್ತಿರ. ತುಪ್ಪಳ ಹೇರಿಕೊಂಡು ಸೇಂಟ್ ಪಾಲ್ ಕಡೆ ಹೋಗುವ ಎತ್ತಿನ ಗಾಡಿಗಳ ದಾರಿ ಅದು. ಒಂಟಿ ಎತ್ತಿನ ಗಾಡಿ, ಪೂರಾ ಮರದ್ದು, ಅಚ್ಚಿಗೆ ಎಣ್ಣೆ ಹಾಕುತ್ತಿರಲಿಲ್ಲ. ಹಾಕಿದರೆ ಧೂಳು ಮೆತ್ತಿ ಅಚ್ಚು ಸವೆಯುತ್ತೆ ಅಂತ. ಅದರ ಕಿರುಗುಟ್ಟುವ ಸದ್ದು ಮೈಲಿಗಟ್ಟಲೆ ಕೇಳುತ್ತಿತ್ತಂತೆ.

1863ರ ಅಕ್ಟೋಬರ್ 2ರಂದು ಇಲ್ಲೇ ಒಪ್ಪಂದ ಆಯಿತು. ಸರ್ಕಾರದ ಕಡೆಯಿಂದ ಬಂದವರು ಅಲೆಕ್ಸಾಂಡರ್ ರಾಮ್ಸೆ ಮತ್ತು ಆಶ್ಲಿ ಮಾರಿಲ್. ರಾಮ್ಸೆ ಹಿಂದಿನ ವರ್ಷವಷ್ಟೇ, ರಾಜ್ಯದ ಗವರ್ನರಾಗಿ, ಡಕೋಟಾ ಜನರ ಮೇಲೆ ಯುದ್ಧ ನಡೆಸಿದ್ದವನು. ಆ ಯುದ್ಧದ ಕೊನೆಗೆ, 1862ರ ಡಿಸೆಂಬರ್ 26ರಂದು, ಮ್ಯಾನ್‌ಕೇಟೋದಲ್ಲಿ 38 ಜನ ಡಕೋಟಾ ಗಂಡಸರನ್ನ ಒಂದೇ ದಿನ ನೇಣಿಗೆ ಹಾಕಿದ್ದರು. ಹತ್ತು ತಿಂಗಳು ಕಳೆಯುವ ಮೊದಲೇ ಅದೇ ಮನುಷ್ಯ ಎದುರು ಕೂತು ನೆಲ ಕೊಡಿ ಅಂದರೆ ಅದು ಎಂಥಾ ಚೌಕಾಸಿ? ನೀವೇ ಊಹಿಸಿ.

ಓಜಿಬ್ವೆಯವರು ಬಿಟ್ಟುಕೊಟ್ಟದ್ದು ಸುಮಾರು ಒಂದು ಕೋಟಿ ಹತ್ತು ಲಕ್ಷ ಎಕರೆ. ಮೂಲ ಒಪ್ಪಂದದಲ್ಲಿ ಅವರಿಗೆ ಬರೆದದ್ದು ವರ್ಷಕ್ಕೆ 20,000 ಡಾಲರಿನಂತೆ 20 ವರ್ಷ. ಇನ್ನೊಂದು ಲಕ್ಷ ಡಾಲರ್ ಬೇರೆ ಇಟ್ಟರು. ಆದರೆ ಅದು ಈ ಜನರಿಂದ ನಮಗೆ ನಷ್ಟವಾಗಿದೆ, ಸಾಲ ಬಾಕಿಯಿದೆ ಅಂದ ವ್ಯಾಪಾರಿಗಳ ಲೆಕ್ಕ ತೀರಿಸೋಕೆ! ಎರಡನ್ನೂ ಕೂಡಿಸಿ ಭಾಗಿಸಿದರೂ ಎಕರೆಗೆ ಐದು ಸೆಂಟ್ ಬೀಳೋದಿಲ್ಲ. ಈ ಕೌಂಟಿಯ ರಿಯಲ್ ಎಸ್ಟೇಟ್ ಚರಿತ್ರೆಯ ಮೊದಲ ಸೇಲ್ ಡೀಡ್ ಇದು ಅನ್ನಬಹುದು. ಮುಂದಿನ ವರ್ಷವೇ ಒಪ್ಪಂದವನ್ನ ತಿದ್ದಿದರು, ಆ ಪುರಾಣ ಇಲ್ಲಿ ಬೇಡ.

ಆಮೇಲೆ ಬಂದವರಿಗೆ 1862ರ ಹೋಮ್‌ಸ್ಟೆಡ್ ಕಾಯಿದೆ ಇತ್ತು. ಸಣ್ಣ ಶುಲ್ಕ ಕಟ್ಟಿ ಐದು ವರ್ಷ ಇದ್ದು ಉತ್ತು ತೋರಿಸಿದರೆ 160 ಎಕರೆ ನಿಮ್ಮದು. 1870ರ ದಶಕದಲ್ಲಿ ಪಿಯರ್ ಬಾಟಿನೋ ಅನ್ನೋ ದಾರಿತೋರುಗ ಇಲ್ಲಿಗೆ ಫ್ರೆಂಚ್ ಕೆನಡಿಯನ್ ಕುಟುಂಬಗಳನ್ನ ಕರೆತಂದ. ಅಪ್ಪ ಫ್ರೆಂಚ್, ಅಮ್ಮ ಈ ನೆಲದವಳು. ಅವರು ಇಟ್ಟ ಹೆಸರುಗಳು ಇನ್ನೂ ನಕ್ಷೆಯಲ್ಲಿವೆ. ಅದರಲ್ಲೊಂದು ಟೆರೆಬಾನ್. ಕೆನಡಾದ ಊರಿನ ನೆನಪಿಗೆ ಇಟ್ಟದ್ದಾದರೂ ಫ್ರೆಂಚಿನಲ್ಲಿ ಅದರ ಅರ್ಥ ‘ಒಳ್ಳೆಯ ನೆಲ’. ಕಡೇ ರ‍್ಯಾಂಕಿನ ಕೌಂಟಿಯೊಳಗೇ ಒಳ್ಳೆಯ ನೆಲ! :)

1896ರಲ್ಲಿ ಪೋಕ್ ಕೌಂಟಿಯಿಂದ ಇದನ್ನ ಬೇರೆ ಮಾಡಿದರು, 1910ರಲ್ಲಿ ಇದರಿಂದಲೇ ಪೆನಿಂಗ್‌ಟನ್ ಅಂತ ಇನ್ನೊಂದು ತುಂಡಾಯಿತು. ಪೋಕ್, ಪೆನಿಂಗ್‌ಟನ್ ಎರಡೇ ಇದರ ನೆರೆಹೊರೆ.

ಅಂದ ಹಾಗೆ, ಪೂರ್ವದಲ್ಲಿ ಸರೋವರದ ಸುತ್ತ ಉಳಿದುಕೊಂಡ ರೆಡ್ ಲೇಕ್ ಓಜಿಬ್ವೆಯವರು 1889ರ ನೆಲ್ಸನ್ ಕಾಯಿದೆ ಬಂದಾಗ ತಮ್ಮ ನೆಲವನ್ನ ತಲೆಗಿಷ್ಟು ಅಂತ ಹಂಚಿಕೊಳ್ಳೋಕೆ ಒಪ್ಪಲಿಲ್ಲ. ಪಾಲು ಮಾಡಿಕೊಂಡ ವೈಟ್ ಅರ್ತ್‌ನಲ್ಲಿ ಹೆಚ್ಚಿನ ನೆಲ ಬೇರೆಯವರ ಕೈಗೆ ಹೋಯಿತು. ಇವರದು ಇವತ್ತಿಗೂ ಸಮುದಾಯದ್ದೇ. ಅಲ್ಲಿ ಸೈಟು ಕೊಳ್ಳೋಕಾಗಲ್ಲ, ಮಾರೋಕೂ ಆಗಲ್ಲ.

ಮತ್ತೆ ಕೌಂಟಿಗೆ ಬರೋಣ. 160 ಎಕರೆಗೊಂದು ಮನೆ ಅಂದಾಗ ಊರು ತುಂಬಿತು. 1920ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ. ಆಮೇಲೆ ಟ್ರ್ಯಾಕ್ಟರ್ ಬಂತು, ಕಂಬೈನ್ ಬಂತು. ಹತ್ತು ಕುಟುಂಬ ಮಾಡುತ್ತಿದ್ದ ಬೇಸಾಯ ಎರಡು ಕುಟುಂಬದ ಕೆಲಸವಾಯಿತು. 1970ರ ದಶಕದಲ್ಲಿ ಧಾನ್ಯದ ರಫ್ತು ಜೋರಾಗಿ ಭೂಮಿಯ ಬೆಲೆ ಏರಿದಾಗ ಮಧ್ಯಪಶ್ಚಿಮದ ರೈತರು ಸಾಲ ಮಾಡಿ ಜಮೀನು ಕೊಂಡರು. 1979ರಿಂದ ಬಡ್ಡಿ ಏರಿತು, 1980ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರೋದನ್ನ ಕಾರ್ಟರ್ ನಿಲ್ಲಿಸಿದ. ಪಕ್ಕದ ಅಯೋವಾದಲ್ಲಿ 1981ರಿಂದ 1986ರೊಳಗೆ ಜಮೀನಿನ ಬೆಲೆ ಅರವತ್ತಕ್ಕೂ ಹೆಚ್ಚು ಶೇಕಡಾ ಕುಸಿಯಿತು. ಮಿನ್ನೆಸೋಟಾದಲ್ಲೂ ಹರಾಜುಗಳ ಸುಗ್ಗಿ. ಹೊಲ ಪಕ್ಕದವನದಾಯಿತು, ಮನೆ ಖಾಲಿ ಬಿತ್ತು. 2010ರ ಜನಗಣತಿಯಲ್ಲಿ ಕೌಂಟಿಯ ಜನ 4,089, 2020ರಲ್ಲಿ 3,935. ಕೇಂದ್ರ ಊರು ರೆಡ್ ಲೇಕ್ ಫಾಲ್ಸ್‌ನಲ್ಲಿ ಸಾವಿರದ ನಾನೂರರಷ್ಟು. ನಮ್ಮ ಕಡೆ ಒಂದು ಮದುವೆ ಊಟಕ್ಕೆ ಅಷ್ಟು ಎಲೆ ಬೀಳುತ್ತವೆ.

ಜನ ಕಡಿಮೆ ಅಂದಮೇಲೆ ಮನೆ ಬೇಕಾದಷ್ಟು ಸಿಗಬೇಕಲ್ಲ? ಸಿಗೋದಿಲ್ಲ. ನನಗೆ ಅತಿ ವಿಚಿತ್ರ ಅನ್ನಿಸಿದ್ದು ಇದು. ಇಂಥ ಕೌಂಟಿಗಳಲ್ಲಿ ಮನೆ ಅಗ್ಗ, ಆದರೆ ಮನೆಯೇ ಇಲ್ಲ. ಉದಾಹರಣೆಗೆ, ಹೊಸ ಮನೆ ಕಟ್ಟೋಕೆ ಎರಡೂವರೆ ಲಕ್ಷ ಡಾಲರ್ ಆಗುತ್ತೆ ಅಂತಿಟ್ಕೊಳ್ಳಿ. ಮರ, ಸಿಮೆಂಟು, ಪ್ಲಂಬರಿನ ಕೂಲಿ ಹಳ್ಳಿ ಅಂತ ಅರ್ಧವಾಗೋದಿಲ್ಲ. ಬ್ಯಾಂಕಿನವರು ಬೆಲೆ ಕಟ್ಟೋದು ಅಕ್ಕಪಕ್ಕ ಮಾರಾಟವಾದ ಮನೆಗಳನ್ನ ನೋಡಿ. ಅವೆಲ್ಲ ಅರವತ್ತು-ಎಂಬತ್ತು ವರ್ಷದ ಹಳೇ ಮನೆಗಳು. ಹಾಗಾಗಿ ನಿಮ್ಮ ಹೊಸ ಮನೆಗೆ ಒಂದೂ ಮುಕ್ಕಾಲು ಲಕ್ಷ ಅಂತಾರೆ, ಸಾಲ ಅದರ ಮೇಲೆ. ಉಳಿದದ್ದು ನಿಮ್ಮ ಜೇಬಿಂದ, ಮಾರೋವಾಗ ವಾಪಸ್ ಬರೋ ಗ್ಯಾರಂಟಿ ಇಲ್ಲ. ಹಾಗಾಗಿ ಯಾರೂ ಕಟ್ಟಲ್ಲ. ಯಾರೂ ಕಟ್ಟದ್ದರಿಂದ ಹೋಲಿಸೋಕೆ ಹೊಸ ಮನೆಯೂ ಇರಲ್ಲ. ಇತ್ತ ಗಂಡ ತೀರಿಕೊಂಡ ಅಜ್ಜಿ ನಾಲ್ಕು ಕೋಣೆಯ ಮನೆಯಲ್ಲಿ ಒಬ್ಬಳೇ. ಬಿಟ್ಟು ಹೋಗೋಣ ಅಂದ್ರೆ ಊರಲ್ಲಿ ಸಣ್ಣ ಬಾಡಿಗೆ ಮನೆ ಇಲ್ಲ. ಆಕೆ ಕದಲಲ್ಲ, ಮಕ್ಕಳಿರುವ ಕುಟುಂಬಕ್ಕೆ ಆ ಮನೆ ಸಿಗಲ್ಲ.

ಕೆಲಸವೇ ಇಲ್ಲ ಅನ್ನುವ ಹಾಗೂ ಇಲ್ಲ. ಮೂವತ್ತು ಕಿಲೋಮೀಟರ್ ಆಚೆ ಪೆನಿಂಗ್‌ಟನ್ ಕೌಂಟಿಯ ಥೀಫ್ ರಿವರ್ ಫಾಲ್ಸ್ ಇದೆ. ಬೆಂಗಳೂರಿನ ಹಾರ್ಡ್‌ವೇರ್ ಇಂಜಿನಿಯರುಗಳು ಈ ಹೆಸರನ್ನ ಪಾರ್ಸೆಲ್ ಡಬ್ಬಗಳ ಮೇಲೆ ನೋಡಿರ‍್ತಾರೆ. ಕೆಪಾಸಿಟರ್, ಐಸಿ ತರಿಸೋ ಡಿಜಿ-ಕೀ ಕಂಪನಿ 1972ರಲ್ಲಿ ಶುರುವಾದದ್ದು ಅಲ್ಲೇ, 2022ರಲ್ಲಿ 22 ಲಕ್ಷ ಚದರಡಿಯ ಹೊಸ ಗೋದಾಮು ತೆರೆದದ್ದೂ ಅಲ್ಲೇ. ಒಂಬತ್ತು ಸಾವಿರ ಜನವೂ ಇಲ್ಲದ ಊರು ಅದು. ಅಂಥ ಕಡೆ ಸಾವಿರಗಟ್ಟಲೆ ಕೆಲಸಗಾರರು ಬೇಕು ಅಂದ್ರೆ ಅವರೆಲ್ಲ ಇರೋದೆಲ್ಲಿ, ಮಗುವನ್ನ ಬಿಡೋದು ಯಾರ ಹತ್ತಿರ? ಶಿಶುವಿಹಾರ ಸಿಗದೆ ಕೆಲಸ ಬಿಡುವ ತಾಯಂದಿರ ಸಮಸ್ಯೆ ಮಿನ್ನೆಸೋಟಾದ ಹಳ್ಳಿಗಾಡಿನಲ್ಲಿ ಮನೆಯ ಸಮಸ್ಯೆಯಷ್ಟೇ ದೊಡ್ಡದು.

ಈಗ ಇಂಗ್ರಹಾಂ ಕಥೆ. ಲೇಖನ ಬಂದ ಮೇಲೆ ಅಲ್ಲಿಯ ಜನ ಬರೀ ಬೈದು ಸುಮ್ಮನಾಗಲಿಲ್ಲ. ಒಮ್ಮೆ ಬಂದು ನೋಡಿ ಅಂತ ಕರೆದರು. ಹೋದ, ನದಿ ನೋಡಿದ, ಹೊಲ ನೋಡಿದ, ದಾರಿಯಲ್ಲಿ ಕೈಬೀಸುವ ಜನರನ್ನ ನೋಡಿದ. ಮೇರಿಲ್ಯಾಂಡಿನಲ್ಲಿ ಅವನದು ಇಕ್ಕಟ್ಟಾದ ಮನೆ, ಅವಳಿ ಮಕ್ಕಳು, ಆಫೀಸಿಗೆ ಹೋಗಿಬರೋಕೇ ದಿನಕ್ಕೆ ಮೂರು ಗಂಟೆ. (ಸಿಲ್ಕ್ ಬೋರ್ಡ್ ದಾಟೋರಿಗೆ ಇದು ಅರ್ಥವಾಗುತ್ತೆ.) 2016ರಲ್ಲಿ ಸಂಸಾರ ಸಮೇತ ರೆಡ್ ಲೇಕ್ ಫಾಲ್ಸ್‌ಗೇ ವಲಸೆ ಹೋದ, 2019ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ.

ಪೇಪರಿನವರು ಇದನ್ನ ಸುಖಾಂತ ಸಿನಿಮಾದ ಹಾಗೆ ಹೇಳಿದರು. ನನಗೆ ಅಷ್ಟು ಸುಖ ಕಾಣಲಿಲ್ಲ. ಆತ ಕೆಲಸ ಜೊತೆಗೇ ತಂದುಕೊಂಡವನು. ವಾಷಿಂಗ್‌ಟನ್ನಿನ ಸಂಬಳ, ಮಿನ್ನೆಸೋಟಾದ ಮನೆ. ಅಲ್ಲೇ ಹುಟ್ಟಿ ನರ್ಸೋ ಮೇಷ್ಟ್ರೋ ಆಗಿರುವವರಿಗೆ ಅಗ್ಗದ ಮನೆಯ ಜೊತೆಗೆ ಅಲ್ಲಿಯ ಸಂಬಳವೂ ಬರುತ್ತೆ. 2020ರ ಕೋವಿಡ್ಡಿನ ಮನೆಯಿಂದ-ಕೆಲಸದ ಕಾಲದಲ್ಲಿ ಇಂಥ ಲೆಕ್ಕ ಎಷ್ಟೋ ಜನ ಹಾಕಿದರು, ಆದರೂ ಮೈನಸ್ ಮೂವತ್ತು ಡಿಗ್ರಿಯ ಬೆಳಗ್ಗೆ ಕಾರು ಸ್ಟಾರ್ಟ್ ಮಾಡೋಕೆ ಇಂಜಿನ್ನಿಗೆ ರಾತ್ರಿಯಿಡೀ ಕರೆಂಟಿನ ವೈರು ಸಿಕ್ಕಿಸಿಡಬೇಕಾದ ಊರಿಗೆ ಜನ ಸಾಲುಗಟ್ಟಲಿಲ್ಲ.

ಇನ್ನೊಂದು ವಿಷಯ ಹೇಳೋದು ಮರೆತಿದ್ದೆ. ಇಲಾಖೆಯ ಆ ಪಟ್ಟಿಗೆ ಬಳಸಿದ ಹವಾಮಾನದ ಅಂಕಿಗಳು 1941ರಿಂದ 1970ರವರೆಗಿನವು. ಅಂದ್ರೆ 2015ರಲ್ಲಿ ದೇಶವೆಲ್ಲ ಓದಿ ನಕ್ಕದ್ದು, ಆ ಪತ್ರಕರ್ತ ಹುಟ್ಟುವ ಮೊದಲಿನ ಚಳಿಯನ್ನ!