ಹಳೆ ಕಾರಿನ ಸ್ಟೀರಿಯೋದಲ್ಲಿ ಮೊಬೈಲ್ ಹಾಡು: ಅಡಾಪ್ಟರ್ ಹಾಕಿಸುವ ಮೊದಲು ತಿಳಿದಿರಲಿ

ಟ್ಯಾಂಪಿನೀಸ್: ಸಿಂಗಾಪುರದಲ್ಲಿ ಕಾರು ಇಟ್ಟುಕೊಳ್ಳಲು ಸಿಓಇ ಬೇಕೇ ಬೇಕು. ಅದರ ಅವಧಿ 10 ವರ್ಷ. ಮುಗಿದ ಮೇಲೆ 5 ಅಥವಾ 10 ವರ್ಷಕ್ಕೆ ನವೀಕರಿಸಬಹುದು. ಹೊಸ ಕಾರು ದುಬಾರಿ ಎಂದು ಹಳೆಯದನ್ನೇ ಮುಂದುವರಿಸುವವರು ಇಲ್ಲಿ ಇದ್ದಾರೆ. ಅಂಥ ಕಾರಿನ ಎಂಜಿನ್ ಗಟ್ಟಿಯಿದ್ದರೂ ಸ್ಟೀರಿಯೋ ಮಾತ್ರ ಸಿಡಿ ಕಾಲದ್ದು. ರೇಡಿಯೋದಲ್ಲಿ ತಮಿಳಿಗೆ ಒಲಿ 96.8 ಇದೆ, ಕನ್ನಡಕ್ಕೆ ಸ್ವಂತ ಎಫ್‌ಎಂ ಇಲ್ಲ. ಮೊಬೈಲಿನಲ್ಲಿರುವ ಕನ್ನಡ ಹಾಡು ಕಾರಿನ ಸ್ಪೀಕರಿನಲ್ಲಿ ಬರಬೇಕಾದರೆ ಅಡಾಪ್ಟರ್ ಬೇಕು.

ಯಾವ ಕಾರಿಗೆ ಯಾವುದು?

* ಆಕ್ಸ್ ತೂತು ಇದ್ದರೆ: 3.5 ಮಿ.ಮೀ. ವೈರ್ ಸಾಕು. ಫೋನಿನಲ್ಲಿ ಆ ತೂತು ಇಲ್ಲದಿದ್ದರೆ ಸಣ್ಣ ಬ್ಲೂಟೂತ್ ರಿಸೀವರ್ ಹಾಕಬಹುದು. ಸದ್ದು ಚೆನ್ನಾಗಿರುತ್ತದೆ, ಖರ್ಚು ಕಡಿಮೆ.
* ಕ್ಯಾಸೆಟ್ ಪ್ಲೇಯರ್ ಇದ್ದರೆ: ಕ್ಯಾಸೆಟ್ ಆಕಾರದ ಅಡಾಪ್ಟರ್ ಸಿಗುತ್ತದೆ. ಯಾವ ವೈರನ್ನೂ ಬಿಚ್ಚಬೇಕಿಲ್ಲ.
* ಎರಡೂ ಇಲ್ಲದಿದ್ದರೆ: ಎಫ್‌ಎಂ ಟ್ರಾನ್ಸ್‌ಮಿಟರ್. ಆದರೆ ಸಿಂಗಾಪುರದ ಸ್ಟೇಷನ್‌ಗಳ ಜೊತೆ ಜೊಹೊರ್, ಬಾಟಮ್ ಕಡೆಯವೂ ಇಲ್ಲಿ ಕೇಳುತ್ತವೆ. ಖಾಲಿ ಜಾಗ ಸಿಗುವುದು ಕಷ್ಟ, ಗರಗರ ಸದ್ದು ಬರುತ್ತದೆ.
* ಸ್ಟೀರಿಯೋ ಹಿಂದೆ ಸಿಡಿ ಚೇಂಜರ್ ಪೋರ್ಟ್ ಇದ್ದರೆ: ಅದಕ್ಕೇ ಕೂರುವ ಅಡಾಪ್ಟರ್ ಒಳ್ಳೆಯದು. ಆದರೆ ಕಾರಿನ ಮಾಡೆಲ್, ವರ್ಷ ಹೊಂದಲೇಬೇಕು.

ಹಳೆ ಐಪಾಡ್ ಅಡಾಪ್ಟರ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವುದು ಬೇಡ. ಅದರ 30 ಪಿನ್ ಪ್ಲಗ್ ಈಗಿನ ಫೋನಿಗೆ ಕೂರುವುದಿಲ್ಲ.

ಜೋಡಿಸುವಾಗ

ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸವಿದ್ದರೆ ಮೊದಲು ಸ್ಟೀರಿಯೋ ಕೋಡ್ ಬರೆದಿಟ್ಟುಕೊಳ್ಳಬೇಕು. ಬ್ಯಾಟರಿ ಕಳಚಿದ ಮೇಲೆ ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ. ಕೀ ತೆಗೆದು, ಬ್ಯಾಟರಿಯ ಮೈನಸ್ ಕಡೆ ಬಿಚ್ಚಿ, ಕೆಲವು ನಿಮಿಷ ಕಾಯಬೇಕು. ಏರ್‌ಬ್ಯಾಗ್ ವೈರ್, ಇಆರ್‌ಪಿ ಯಂತ್ರದ ವೈರ್ ಮುಟ್ಟಲೇಬಾರದು.

ಹೊರಗಿನಿಂದ ಕೊಂಡ ಸ್ಟೀರಿಯೋಗಳಲ್ಲಿ ಹಳದಿ ವೈರಿಗೆ ಸದಾ ಕರೆಂಟ್, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್. ಕಾರಿನ ಕಂಪನಿಯ ವೈರಿಗೆ ಈ ಬಣ್ಣಗಳೇ ಇರಬೇಕೆಂದಿಲ್ಲ. ಮೀಟರ್ ಇಟ್ಟು ನೋಡಿಯೇ ಜೋಡಿಸಬೇಕು. ಅಡಾಪ್ಟರಿಗೆ ಹಳದಿಯಿಂದ ಕರೆಂಟ್ ಕೊಟ್ಟರೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ. ಕೆಂಪೇ ಸರಿ, ಜೊತೆಗೆ ಫ್ಯೂಸ್ ಇರಲಿ. ಇದು ಗೊತ್ತಿಲ್ಲದವರು ಉಬಿ, ಕಾಕಿ ಬುಕಿಟ್ ಕಡೆಯ ವರ್ಕ್‌ಶಾಪಿಗೆ ಕೊಡುವುದೇ ಲೇಸು.

ಹಾಡಿನ ಜೊತೆ ಎಂಜಿನ್ ವೇಗಕ್ಕೆ ತಕ್ಕಂತೆ 'ಕುಯ್ಯ್' ಎಂಬ ಸದ್ದು ಬಂದರೆ ಫೋನ್ ಚಾರ್ಜರ್ ತೆಗೆದು ನೋಡಬೇಕು. ಸದ್ದು ನಿಂತರೆ ಅರ್ತ್ ದೋಷ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕಂಪನಿ ಗಾಡಿ ಓಡಿಸುವವರಿಗೆ

ಕಾರು 12 ವೋಲ್ಟ್, ದೊಡ್ಡ ಲಾರಿ ಸಾಮಾನ್ಯವಾಗಿ 24 ವೋಲ್ಟ್. ಬರೀ 12 ವೋಲ್ಟಿನ ಅಡಾಪ್ಟರನ್ನು ಲಾರಿಗೆ ಚುಚ್ಚಿದರೆ ಸುಟ್ಟುಹೋಗಬಹುದು. ಡಬ್ಬಿ ಮೇಲೆ '12–24' ಎಂದಿರಬೇಕು. ಮಾಲೀಕರ ಒಪ್ಪಿಗೆ ಇಲ್ಲದೆ ಕಂಪನಿ ಗಾಡಿಯ ವೈರ್ ಕತ್ತರಿಸಬಾರದು. ನಾಳೆ ಗಾಡಿಗೆ ಏನಾದರೂ ಆದರೆ ಮಾತು ಡ್ರೈವರ್ ಮೇಲೇ ಬರುತ್ತದೆ. ಒಪ್ಪಿಗೆ ಮೆಸೇಜಿನಲ್ಲಿದ್ದರೆ ಒಳ್ಳೆಯದು.

ಕೈಯಲ್ಲಿ ಫೋನ್ ಬೇಡ

2015ರ ಫೆಬ್ರವರಿಯಿಂದ ಸಿಂಗಾಪುರದಲ್ಲಿ ಗಾಡಿ ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದು ಬಳಸುವುದೇ ಅಪರಾಧ, ಹಾಡು ಬದಲಿಸಲು ಆದರೂ ಅಷ್ಟೇ. ಮೊದಲ ಸಲಕ್ಕೇ 1,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಡ್ರೈವಿಂಗೇ ಹೊಟ್ಟೆಪಾಡಾದವರಿಗೆ ಇದು ಕೆಲಸದ ಪ್ರಶ್ನೆ. ಫೋನ್ ಹೋಲ್ಡರಿನಲ್ಲಿರಲಿ, ಹಾಡಿನ ಪಟ್ಟಿ ಹೊರಡುವ ಮೊದಲೇ ಹಚ್ಚಿರಲಿ.

ಖರ್ಚಿನ ಲೆಕ್ಕ

ಅಡಾಪ್ಟರ್ ಬೆಲೆಗೆ ಕೂಲಿ ಸೇರಿಸಿ, ಸಿಓಇ ಉಳಿದಿರುವ ತಿಂಗಳುಗಳಿಂದ ಭಾಗಿಸಬೇಕು. 8 ತಿಂಗಳಷ್ಟೇ ಉಳಿದಿದ್ದರೆ ಹೊಸ ಸ್ಟೀರಿಯೋ ದಂಡ, ಆಕ್ಸ್ ವೈರೇ ಸಾಕು. 5 ವರ್ಷಕ್ಕೆ ನವೀಕರಿಸಿದ್ದರೆ ಬ್ಲೂಟೂತ್ ಇರುವ ಸ್ಟೀರಿಯೋ ಹಾಕಿಸಿದರೂ ನಷ್ಟವಿಲ್ಲ. ಬಿಲ್ ಮತ್ತು ಕಳಚಿದ ಹಳೆ ಸ್ಟೀರಿಯೋ ಎರಡನ್ನೂ ಎತ್ತಿಟ್ಟುಕೊಂಡಿರಬೇಕು.